ಹೊಗೆಸೊಪ್ಪು ಸೇರಿಸದ ಎಲೆಯಡಿಕೆಯಿಂದಲೂ ಬಾಯಿಯ ಕಾಯಿಲೆ ಬರುವುದುಂಟೇ?

ಪ್ರಶ್ನೆ: ತೋಟದಮನೆ, ಬದಿಯಡ್ಕ

ಎಲ್ಲರಿಗೂ ನಮಸ್ಕಾರ. ನಮ್ಮದು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಸಮೀಪ ಸಣ್ಣದೊಂದು ಅಡಿಕೆ ತೋಟವಿರುವ ಮನೆ. ಅಮ್ಮನಿಗೆ ಈಗ 63 ವರ್ಷ. ಮದುವೆಯಾಗಿ ಈ ಮನೆಗೆ ಬಂದ ಮೇಲೆ ಅಜ್ಜಿಯ ಜೊತೆ ಕುಳಿತು ಎಲೆ ಹಾಕುವ ಅಭ್ಯಾಸ ಅವರಿಗೆ ಹಿಡಿಯಿತಂತೆ. ದಿನಕ್ಕೆ ಆರೇಳು ಬಾರಿಯಾದರೂ ವೀಳ್ಯದೆಲೆ, ಸುಣ್ಣ, ಚಾಲಿ ಅಡಿಕೆಯ, ಎಂದರೆ ಒಣಗಿಸಿ ಸುಲಿದ ಅಡಿಕೆಯ, ಹೋಳು ಬೇಕೇ ಬೇಕು. ಹೊಗೆಸೊಪ್ಪನ್ನು ಮಾತ್ರ ಅವರು ಎಂದೂ ಮುಟ್ಟಿದವರಲ್ಲ. ಅದು ಅಪ್ಪನ ಅಭ್ಯಾಸ.

ಕಳೆದ ಮಳೆಗಾಲದಿಂದ ಅಮ್ಮನಿಗೆ ಗಾಂಧಾರಿ ಮೆಣಸಿನ ಚಟ್ನಿ ಹಾಗಿರಲಿ, ಸಾದಾ ಸಾರು ತಗಲಿದರೂ ಬಾಯಿ ಉರಿಯುತ್ತದೆ. ನೆರೆಮನೆಯ ಅತ್ತೆಯವರು ಉಷ್ಣವಾಗಿರಬೇಕೆಂದು ಹೇಳಿದ್ದರಿಂದ ಎಳನೀರು, ಪುನರ್ಪುಳಿ ಶರಬತ್ತು ಎಲ್ಲ ಆಯಿತು. ಮೆಡಿಕಲ್‌ ಅಂಗಡಿಯಿಂದ ವಿಟಮಿನ್ ಮಾತ್ರೆ ತಂದು ಎರಡು ತಿಂಗಳು ಕೊಟ್ಟದ್ದೂ ಆಯಿತು. ನಾವೂ ಅದನ್ನು ಅಷ್ಟಕ್ಕೇ ಬಿಟ್ಟಿದ್ದೆವು. ಆದರೆ ಮೊನ್ನೆ ಅವರು ಕದಳಿ ಬಾಳೆಹಣ್ಣನ್ನು ಸುಲಿದು, ಕಚ್ಚಿ ತಿನ್ನದೆ ಚಿವುಟಿ ಚಿವುಟಿ ಬಾಯಿಗೆ ಹಾಕಿಕೊಳ್ಳುವುದನ್ನು ಕಂಡು ಏಕೆಂದು ಕೇಳಿದಾಗ, ಬಾಯಿ ಮೊದಲಿನ ಹಾಗೆ ತೆರೆಯುವುದಿಲ್ಲವೆಂದೂ ಹೀಗಾಗಿ ಒಂದು ವರ್ಷವೇ ಆಯಿತೆಂದೂ ಏನೂ ಆಗದವರಂತೆ ಹೇಳಿದರು. ಅಂದಿನಿಂದ ನನಗೆ ಸಮಾಧಾನವಿಲ್ಲ.

ಬಾಯಿಯ ಇಂತಹ ಕಾಯಿಲೆಗಳು ನಮ್ಮಲ್ಲಿ ಎಷ್ಟು ಸಾಮಾನ್ಯ? ಹೊಗೆಸೊಪ್ಪು ಸೇರಿಸದಿದ್ದರೆ ಎಲೆಯಡಿಕೆಯಿಂದ ತೊಂದರೆಯಿಲ್ಲ ಎಂದು ಹಿರಿಯರು ಹೇಳುತ್ತ ಬಂದದ್ದು ನಿಜವೇ? ಈಗ ಬಿಟ್ಟರೆ ಬಾಯಿ ಮೊದಲಿನಂತಾಗುವುದೇ? ತಿಳಿದವರು ದಯವಿಟ್ಟು ತಿಳಿಸಬೇಕು.

ಉತ್ತರ: ದಂತವೈದ್ಯೆ, ಉಪ್ಪಳ

ಬಾಯಿಯನ್ನು ಕಣ್ಣಾರೆ ನೋಡದೆ, ಬೆರಳಿನಿಂದ ಮುಟ್ಟದೆ ರೋಗದ ಹೆಸರು ಹೇಳುವುದು ಸರಿಯಲ್ಲ. ಆದರೆ ನೀವು ಬರೆದ ಎರಡು ಸಂಗತಿಗಳು, ಎಂದರೆ ಖಾರ ತಗಲಿದರೆ ಉರಿ ಮತ್ತು ಬಾಯಿ ಕ್ರಮೇಣ ಕಿರಿದಾಗುತ್ತ ಬಂದದ್ದು, ಬಹುಕಾಲ ಅಡಿಕೆ ಜಗಿದವರಲ್ಲಿ ಒಟ್ಟಿಗೆ ಕಂಡುಬಂದಾಗ ನಾವು ಮೊದಲು ಸಂಶಯಿಸುವುದು ಕೆನ್ನೆಯ ಒಳಪದರ ನಾರುಗಟ್ಟುವ ಕಾಯಿಲೆಯನ್ನು. ವೈದ್ಯರ ಭಾಷೆಯಲ್ಲಿ ಅದಕ್ಕೆ ಸಬ್‌ಮ್ಯೂಕಸ್ ಫೈಬ್ರೋಸಿಸ್ ಎನ್ನುತ್ತಾರೆ. ಈ ಕಾಯಿಲೆಗೆ ಹೊಗೆಸೊಪ್ಪು ಬೇಕಿಲ್ಲ. ಇದರ ಮುಖ್ಯ ಕಾರಣ ಅಡಿಕೆಯೇ.

ಅಡಿಕೆಯಲ್ಲಿರುವ ಅರೆಕೋಲಿನ್ ಎಂಬ ಕ್ಷಾರ ವಸ್ತುವು ಒಳಪದರದ ಅಡಿಯಲ್ಲಿರುವ ಕೋಶಗಳನ್ನು ಪ್ರಚೋದಿಸಿ, ಕೊಲಾಜನ್ ಎಂಬ ನಾರನ್ನು ಬೇಕಾದುದಕ್ಕಿಂತ ಹೆಚ್ಚು ಉತ್ಪಾದಿಸುವಂತೆ ಮಾಡುತ್ತದೆ. ಅಡಿಕೆಯಲ್ಲಿ ಸಾಕಷ್ಟಿರುವ ತಾಮ್ರದ ಅಂಶವು ಆ ನಾರುಗಳನ್ನು ಒಂದಕ್ಕೊಂದು ಹೆಣೆಯುವ ಕಿಣ್ವವನ್ನು ಚುರುಕುಗೊಳಿಸುವುದರಿಂದ, ಹೀಗೆ ಹೆಣೆದುಕೊಂಡ ನಾರು ಸುಲಭದಲ್ಲಿ ಕರಗುವುದಿಲ್ಲ. ಮೆತ್ತಗೆ ಹಿಗ್ಗಬೇಕಾದ ಕೆನ್ನೆ ಒಣಗಿದ ಅಡಿಕೆ ಹಾಳೆಯಂತೆ ಬಿರುಸಾಗುತ್ತದೆ, ಒಳಭಾಗ ಬಿಳಿಚಿಕೊಳ್ಳುತ್ತದೆ, ಬೆರಳಿಟ್ಟರೆ ಹಗ್ಗದಂತಹ ಪಟ್ಟಿಗಳು ಕೈಗೆ ಸಿಗುತ್ತವೆ. ಉರಿ ಮೊದಲು ಬರುತ್ತದೆ, ಬಿಗಿತ ಆಮೇಲೆ. ಉರಿಯ ಹಂತದಲ್ಲಿಯೇ ಬಂದವರಿಗೆ ನಾವು ಬಹಳಷ್ಟು ಮಾಡಬಹುದು. ದುರದೃಷ್ಟವಶಾತ್ ಹೆಚ್ಚಿನವರು ಆ ಹಂತವನ್ನು ಎಳನೀರು ಮತ್ತು ವಿಟಮಿನ್ ಮಾತ್ರೆಗಳಲ್ಲಿಯೇ ಕಳೆಯುತ್ತಾರೆ. ನಿಮ್ಮ ಮನೆಯೊಂದರಲ್ಲಿ ಮಾತ್ರ ಹೀಗಾದದ್ದೆಂದು ಭಾವಿಸಬೇಡಿ.

ಮನೆಯಲ್ಲಿಯೇ ಒಂದು ಪರೀಕ್ಷೆ ಮಾಡಬಹುದು. ಅಮ್ಮ ತಮ್ಮ ತೋರುಬೆರಳು, ನಡುಬೆರಳು, ಉಂಗುರಬೆರಳು ಮೂರನ್ನೂ ಜೋಡಿಸಿ, ಒಂದರ ಮೇಲೊಂದು ಬರುವಂತೆ ನಿಲ್ಲಿಸಿ, ಮೇಲಿನ ಮತ್ತು ಕೆಳಗಿನ ಮುಂದಿನ ಹಲ್ಲುಗಳ ನಡುವೆ ಇಡಲಿ. ಮೂರೂ ಸರಾಗವಾಗಿ ಹಿಡಿಸಿದರೆ ಬಾಯಿ ತೆರೆಯುವಿಕೆ ಸಾಮಾನ್ಯ. ಎರಡು ಮಾತ್ರ ಹಿಡಿಸಿದರೆ ವೈದ್ಯರಲ್ಲಿಗೆ ಹೋಗುವುದನ್ನು ಮುಂದೂಡಬಾರದು.

ಬಾಯಿ ಮೊದಲಿನಂತಾಗುವುದೇ ಎಂಬ ಪ್ರಶ್ನೆಗೆ ಪ್ರಾಮಾಣಿಕವಾದ ಉತ್ತರವೆಂದರೆ, ಗಟ್ಟಿಯಾದ ನಾರು ಪೂರ್ತಿಯಾಗಿ ಮಾಯವಾಗುವುದಿಲ್ಲ. ಅಡಿಕೆ ಬಿಟ್ಟರೆ ಉರಿ ಕಡಿಮೆಯಾಗುತ್ತದೆ, ಕಾಯಿಲೆ ಮುಂದುವರಿಯುವ ಸಾಧ್ಯತೆ ತಗ್ಗುತ್ತದೆ. ವ್ಯಾಯಾಮ, ಕೆನ್ನೆಗೆ ಕೊಡುವ ಇಂಜೆಕ್ಷನ್, ತೀರಾ ಬಿಗಿದವರಿಗೆ ಶಸ್ತ್ರಚಿಕಿತ್ಸೆ ಇವೆಲ್ಲದರಿಂದ ಬಾಯಿ ಸ್ವಲ್ಪ ಸ್ವಲ್ಪವಾಗಿ ತೆರೆದುಕೊಳ್ಳುತ್ತದೆ. ನಮಗೆ ಹೆಚ್ಚು ಚಿಂತೆಯ ವಿಷಯ ಬೇರೊಂದಿದೆ. ನಮ್ಮದೇ ರಾಜ್ಯದ ಎರ್ನಾಕುಳಂ ಜಿಲ್ಲೆಯಲ್ಲಿ ಈ ಕಾಯಿಲೆಯಿದ್ದ 66 ಮಂದಿಯನ್ನು 17 ವರ್ಷಗಳ ಅವಧಿಯಲ್ಲಿ ಗಮನಿಸಿದ ಅಧ್ಯಯನವೊಂದು 1985ರಲ್ಲಿ ಪ್ರಕಟವಾಗಿದ್ದು, ಅವರಲ್ಲಿ ಶೇಕಡ 7.6ರಷ್ಟು ಮಂದಿಗೆ, ಎಂದರೆ ಐದು ಜನರಿಗೆ, ಬಾಯಿಯ ಕ್ಯಾನ್ಸರ್ ಬಂದಿತ್ತು. ಹೆದರಿಸಲು ಹೇಳುತ್ತಿಲ್ಲ, ಉಳಿದ 61 ಮಂದಿಗೆ ಬಂದಿರಲಿಲ್ಲ ಎಂಬುದೂ ಅದೇ ಲೆಕ್ಕದಲ್ಲಿದೆ. ಆದರೆ ಯಾರು ಆ ಐವರಲ್ಲಿ ಒಬ್ಬರೆಂದು ಮೊದಲೇ ಹೇಳಲಾಗದ ಕಾರಣ, ಈ ಕಾಯಿಲೆಯವರು ಆರು ತಿಂಗಳಿಗೊಮ್ಮೆಯಾದರೂ ಬಾಯಿ ತೋರಿಸುತ್ತಲೇ ಇರಬೇಕಾಗುತ್ತದೆ. ಈ ವಾರದೊಳಗೆ ಅಮ್ಮನನ್ನು ಹತ್ತಿರದ ದಂತವೈದ್ಯರಲ್ಲಿಗೆ ಕರೆದುಕೊಂಡು ಹೋಗಿ.

ಉತ್ತರ: ಕೃಷಿಕ, ಎಣ್ಮಕಜೆ

ವೈದ್ಯೆಯವರ ಮೇಲೆ ನನಗೆ ಗೌರವವಿದೆ. ಆದರೂ ಅಡಿಕೆಯನ್ನೇ ನಂಬಿ ಬದುಕುವವನಾಗಿ ಒಂದು ಮಾತು ಹೇಳಬೇಕೆನಿಸುತ್ತದೆ. ನನ್ನ ಅಜ್ಜ ದಿನಕ್ಕೆ ಹತ್ತು ಸಲ ಎಲೆ ಹಾಕುತ್ತಿದ್ದವರು. 88ನೆಯ ವಯಸ್ಸಿನವರೆಗೆ ಬದುಕಿದರು, ಬಾಯಿಗೆ ಯಾವ ಕಾಯಿಲೆಯೂ ಬರಲಿಲ್ಲ. ತಾಂಬೂಲವನ್ನು ಊಟದ ಬಳಿಕ ಜೀರ್ಣಕ್ಕೆಂದು ಹೇಳಿದ್ದು ನಮ್ಮ ಹಿರಿಯರೇ. ಬಾಯಿಯನ್ನು ಹಾಳು ಮಾಡಿದ್ದು ಪೊಟ್ಟಣದಲ್ಲಿ ಬರುವ ಗುಟ್ಕಾ. ಅದರಲ್ಲಿ ಹೊಗೆಸೊಪ್ಪು, ಸುಗಂಧದ ರಾಸಾಯನಿಕ, ಕಳಪೆ ಅಡಿಕೆಯ ಪುಡಿ ಎಲ್ಲ ಇರುತ್ತದೆ. ಅದರ ತಪ್ಪನ್ನು ಒಳ್ಳೆಯ ಚಾಲಿಯ ತಲೆಗೆ ಕಟ್ಟಿದರೆ, ಅಡಿಕೆ ಮರಕ್ಕೆ ಬರುವ ಹಳದಿ ರೋಗ ಮತ್ತು ಕೊಳೆರೋಗದ ನಡುವೆ ಹೇಗೋ ಉಳಿದುಕೊಂಡಿರುವ ನಮ್ಮಂಥವರು ಬೆಲೆ ಕುಸಿದಾಗ ಯಾರ ಬಾಗಿಲಿಗೆ ಹೋಗಬೇಕು? ಅಡಿಕೆಯೊಂದರಿಂದಲೇ ಕ್ಯಾನ್ಸರ್ ಬರುತ್ತದೆ ಎನ್ನುವುದಕ್ಕೆ ಗಟ್ಟಿಯಾದ ಆಧಾರವಿದ್ದರೆ ತಿಳಿಸಿ. ಕೇಳಿಸಿಕೊಳ್ಳುತ್ತೇನೆ.

ಉತ್ತರ: ನಿವೃತ್ತ ಹೆಲ್ತ್ ಇನ್‌ಸ್ಪೆಕ್ಟರ್, ಮುಳ್ಳೇರಿಯ

ಕೃಷಿಕರು ಕೇಳಿದ ಪ್ರಶ್ನೆ ನ್ಯಾಯವಾದದ್ದು. ಅದಕ್ಕೆ ಉತ್ತರವೂ ಇದೆ. ನಾನೂ ತೋಟದ ಮನೆಯಲ್ಲಿ ಹುಟ್ಟಿದವನು. ನನ್ನ ಶಾಲೆಯ ಫೀಸು ಹೋದದ್ದು ಅಡಿಕೆ ಮಾರಿದ ಹಣದಿಂದ.

ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾಗಿರುವ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 1985ರಲ್ಲಿ ಈ ವಿಷಯವನ್ನು ಪರಿಶೀಲಿಸಿದಾಗ, ಹೊಗೆಸೊಪ್ಪು ಬೆರೆತ ಎಲೆಯಡಿಕೆಯನ್ನು ಮಾತ್ರ ಕ್ಯಾನ್ಸರ್‌ಕಾರಕವೆಂದು ನಿರ್ಣಯಿಸಿತ್ತು. ಹೊಗೆಸೊಪ್ಪಿಲ್ಲದಿದ್ದರೆ ತೊಂದರೆಯಿಲ್ಲ ಎಂಬ ನಮ್ಮ ಹಿರಿಯರ ಮಾತು ಆ ಕಾಲದ ತಿಳುವಳಿಕೆಗೆ ತೀರ ದೂರವಾಗಿರಲಿಲ್ಲ. ಆದರೆ 2004ರಲ್ಲಿ ಪ್ರಕಟವಾದ ಅದೇ ಸಂಸ್ಥೆಯ ಮರುಪರಿಶೀಲನೆಯಲ್ಲಿ, ಹೊಗೆಸೊಪ್ಪಿಲ್ಲದ ಎಲೆಯಡಿಕೆಯನ್ನೂ ಬರಿಯ ಅಡಿಕೆಯನ್ನೂ ಮೊದಲ ಗುಂಪಿಗೆ, ಎಂದರೆ ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುತ್ತದೆಂದು ಖಚಿತವಾದ ವಸ್ತುಗಳ ಗುಂಪಿಗೆ, ಸೇರಿಸಲಾಯಿತು. ಈ ಬದಲಾವಣೆಗೆ ಮುಖ್ಯ ಆಧಾರ ಸಿಕ್ಕಿದ್ದು ತೈವಾನಿನಂತಹ ಕಡೆಗಳಿಂದ. ಅಲ್ಲಿನವರು ಅಡಿಕೆಯನ್ನು ಸುಣ್ಣ ಹಚ್ಚಿ ಜಗಿಯುತ್ತಾರೆ, ಆದರೆ ಅದಕ್ಕೆ ಹೊಗೆಸೊಪ್ಪು ಬೆರೆಸುವ ಪದ್ಧತಿಯಿಲ್ಲ. ಆದರೂ ಅಲ್ಲಿ ಬಾಯಿಯ ಕ್ಯಾನ್ಸರ್ ದೊಡ್ಡ ಸಮಸ್ಯೆಯಾಗಿ, ಸರಕಾರವೇ ಅಡಿಕೆ ಜಗಿಯುವವರ ಬಾಯಿ ತಪಾಸಣೆಯ ವ್ಯವಸ್ಥೆ ಮಾಡಬೇಕಾಯಿತು. ಗುಟ್ಕಾದ ಮೇಲೆ ಹೊರಿಸಿ ಮುಗಿಸುವ ಹಾಗಿಲ್ಲ.

ಎಷ್ಟು ಸಾಮಾನ್ಯ ಎಂದು ಮೊದಲ ಪ್ರಶ್ನೆಯಲ್ಲಿ ಕೇಳಿದ್ದೀರಿ. ಅದೇ ಸಂಸ್ಥೆಯ ಅಂದಾಜಿನಂತೆ 2022ರಲ್ಲಿ ಜಗತ್ತಿನಾದ್ಯಂತ ಕಂಡುಬಂದ ಸುಮಾರು 3,89,800 ಬಾಯಿಯ ಕ್ಯಾನ್ಸರ್ ಪ್ರಕರಣಗಳಲ್ಲಿ 1,20,200 ಪ್ರಕರಣಗಳಿಗೆ, ಎಂದರೆ ಹತ್ತರಲ್ಲಿ ಮೂರಕ್ಕೆ, ಜಗಿಯುವ ಹೊಗೆಸೊಪ್ಪು ಅಥವಾ ಅಡಿಕೆ ಕಾರಣ. ಅವುಗಳಲ್ಲಿ 83,400 ನಮ್ಮ ದೇಶದವು. ಬೇರೆ ಹಲವು ದೇಶಗಳಲ್ಲಿ ಅಪರೂಪವಾಗಿರುವ ಈ ಕ್ಯಾನ್ಸರ್ ಭಾರತದ ಗಂಡಸರಲ್ಲಿ ಎಲ್ಲಕ್ಕಿಂತ ಸಾಮಾನ್ಯವಾದ ಕ್ಯಾನ್ಸರುಗಳಲ್ಲಿ ಒಂದು.

ಇನ್ನು 88 ವರ್ಷ ಬದುಕಿದ ಅಜ್ಜನ ಮಾತು. ಮದ್ದು ಬಿಡದ ತೋಟದಲ್ಲಿಯೂ ಕೆಲವು ಮರಗಳಿಗೆ ಕೊಳೆರೋಗ ತಗಲುವುದಿಲ್ಲ. ಅದನ್ನು ತೋರಿಸಿ ಮಳೆಗೆ ಮೊದಲು ಬೋರ್ಡೋ ದ್ರಾವಣವೆಂಬ ಮದ್ದು ಬಿಡುವುದು ವ್ಯರ್ಥವೆಂದು ನಮ್ಮ ಯಾವ ಕೃಷಿಕನೂ ವಾದಿಸುವುದಿಲ್ಲ. ಕೊಳೆ ಬಂದ ಮೇಲೆ ಮದ್ದು ಬಿಟ್ಟರೆ ಉದುರಿದ ಕಾಯಿ ಮತ್ತೆ ಮರ ಏರುವುದಿಲ್ಲವೆಂದು ಗೊತ್ತಿರುವ ನಾವು, ನಮ್ಮ ಸ್ವಂತ ಬಾಯಿಯ ವಿಷಯದಲ್ಲಿ ಮಾತ್ರ ಕಾಯಿ ಉದುರುವವರೆಗೆ ಕಾಯುತ್ತೇವೆ.

ಮುಂಚಿತವಾಗಿ ನೋಡುವುದರಿಂದ ಪ್ರಯೋಜನವಿದೆ ಎಂಬುದು ಬರಿಯ ಉಪದೇಶವಲ್ಲ. ತಿರುವನಂತಪುರ ಜಿಲ್ಲೆಯಲ್ಲಿ 1996ರಲ್ಲಿ ಆರಂಭಿಸಿದ ದೊಡ್ಡ ಅಧ್ಯಯನದಲ್ಲಿ, ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು ಮನೆಮನೆಗೆ ಹೋಗಿ 35 ವರ್ಷ ದಾಟಿದವರ ಬಾಯಿಯನ್ನು ಬೆಳಕು ಬಿಟ್ಟು ನೋಡಿದರು. ದೊಡ್ಡ ಯಂತ್ರವೇನೂ ಇರಲಿಲ್ಲ. 2005ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಹೊಗೆಸೊಪ್ಪು ಅಥವಾ ಮದ್ಯದ ಅಭ್ಯಾಸವಿದ್ದವರಲ್ಲಿ ಬಾಯಿಯ ಕ್ಯಾನ್ಸರಿನಿಂದಾದ ಸಾವು ಶೇಕಡ 34ರಷ್ಟು ಕಡಿಮೆಯಾಗಿತ್ತು. ಬಾಯಿಯೊಳಗೆ ಸರಿಯಾಗಿ ನೋಡಿದ್ದಷ್ಟೇ ಇದಕ್ಕೆ ಕಾರಣ. ಹೊಟ್ಟೆಯ ಒಳಗಿನ ಕಾಯಿಲೆಯಂತೆ ಇದು ಅಡಗಿ ಕುಳಿತುಕೊಳ್ಳುವುದಲ್ಲ. ವರ್ಷಗಟ್ಟಲೆ ಮೊದಲೇ ಕಣ್ಣಿಗೆ ಕಾಣುವಂತೆ ಗುರುತು ಬಿಡುತ್ತದೆ.

ಏನನ್ನು ನೋಡಬೇಕೆಂದರೆ, ಉಜ್ಜಿದರೂ ಹೋಗದ ಬಿಳಿ ಮಚ್ಚೆ, ಮಖಮಲ್ಲಿನಂತಹ ಕೆಂಪು ಮಚ್ಚೆ, ಮೂರು ವಾರವಾದರೂ ಮಾಯದ ಹುಣ್ಣು, ಕಾರಣವಿಲ್ಲದೆ ಅಲುಗಾಡುವ ಹಲ್ಲು, ನಾಲಗೆಯ ಅಂಚಿನಲ್ಲಿ ಅಥವಾ ಎಲೆ ಇಟ್ಟುಕೊಳ್ಳುವ ದವಡೆಯ ಮೂಲೆಯಲ್ಲಿ ಗಂಟು, ಕತ್ತಿನಲ್ಲಿ ಗಡ್ಡೆ. ಇವುಗಳಲ್ಲಿ ನೋವು ಸೇರಿಲ್ಲವೆಂಬುದನ್ನು ಗಮನಿಸಬೇಕು. ಆರಂಭದ ಕ್ಯಾನ್ಸರ್ ಹೆಚ್ಚಾಗಿ ನೋಯುವುದಿಲ್ಲ. ನೋವಿಲ್ಲವಲ್ಲ ಎಂದು ಸುಮ್ಮನಿದ್ದು ಕೊನೆಯ ಹಂತದಲ್ಲಿ ಆಸ್ಪತ್ರೆಗೆ ಹೋದವರ ಮನೆಗಳನ್ನು ನಾನು ನೌಕರಿಯಲ್ಲಿದ್ದಾಗ ಎಣಿಸಲಾರದಷ್ಟು ಕಂಡಿದ್ದೇನೆ.

ಉತ್ತರ: ಆಶಾ ಕಾರ್ಯಕರ್ತೆ, ಕುಂಬಳೆ ಕಡೆ

ಮನೆಭೇಟಿಯ ಅನುಭವದಿಂದ ಎರಡು ಮಾತು ಸೇರಿಸುತ್ತೇನೆ. 30 ವರ್ಷ ದಾಟಿದವರ ಜೀವನಶೈಲಿ ಕಾಯಿಲೆಗಳ ಸಮೀಕ್ಷೆಗೆಂದು 2022ರಲ್ಲಿ ನಮ್ಮ ರಾಜ್ಯದಲ್ಲಿ ಶೈಲಿ ಆ್ಯಪ್ ಬಂದ ಮೇಲೆ, ಬಿಪಿ, ಸಕ್ಕರೆ ಕಾಯಿಲೆಗಳ ಜೊತೆಗೆ ಕ್ಯಾನ್ಸರಿನ ಲಕ್ಷಣಗಳನ್ನೂ ನಾವು ಕೇಳುತ್ತೇವೆ. ಗಂಡಸರು ಬೀಡಿ, ಹೊಗೆಸೊಪ್ಪು ಎಲ್ಲವನ್ನೂ ಒಪ್ಪಿಕೊಳ್ಳುತ್ತಾರೆ. ಹೆಂಗಸರ ಬಳಿ ದುರಭ್ಯಾಸವೇನಾದರೂ ಇದೆಯೇ ಎಂದು ಕೇಳಿದರೆ, ತುಟಿ ಕೆಂಪಾಗಿರುವಾಗಲೂ ಇಲ್ಲವೆಂಬ ಉತ್ತರವೇ ಬರುತ್ತದೆ. ಅದು ಸುಳ್ಳಲ್ಲ, ಎಲೆ ಹಾಕುವುದನ್ನು ಅವರು ದುರಭ್ಯಾಸವೆಂದು ತಿಳಿದಿಲ್ಲ. ಬಂದವರಿಗೆ ಹರಿವಾಣದಲ್ಲಿಟ್ಟು ಕೊಡುವ ವಸ್ತುವನ್ನು ಹಾಗೆ ಕರೆಯುವುದಾದರೂ ಹೇಗೆ? ಈಗ ನಾನು ಪ್ರಶ್ನೆಯನ್ನೇ ಬದಲಿಸಿಕೊಂಡಿದ್ದೇನೆ. ದಿನಕ್ಕೆ ಎಷ್ಟು ಸಲ ಎಲೆ ಹಾಕುತ್ತೀರಿ, ಯಾವ ಕೆನ್ನೆಯಲ್ಲಿ ಇಟ್ಟುಕೊಳ್ಳುತ್ತೀರಿ, ರಾತ್ರಿ ಉಗುಳಿ ಬಾಯಿ ತೊಳೆದು ಮಲಗುತ್ತೀರಾ ಎಂದು ಕೇಳುತ್ತೇನೆ. ಮಲಯಾಳಂ ಬಾರದ ಅಜ್ಜಿಯಂದಿರಿಗೆ ಕನ್ನಡದಲ್ಲಿಯೋ ತುಳುವಿನಲ್ಲಿಯೋ ಹೀಗೆ ಕೇಳಿದಾಗ ಮಾತ್ರ ನಿಜವಾದ ಉತ್ತರ ಸಿಗುತ್ತದೆ. ಕಾಗದಪತ್ರಗಳು ಕನ್ನಡದಲ್ಲಿ ಬರಬೇಕೆಂದು ನಾವು ಹೋರಾಡುತ್ತೇವೆ. ಬಾಯಿ ತೋರಿಸಲು ಕೇಳುವ ಪ್ರಶ್ನೆಯೂ ಕನ್ನಡದಲ್ಲಿ ಬರಬೇಕಲ್ಲವೇ?

ಎಲೆಯನ್ನು ದವಡೆಯಲ್ಲಿ ಇಟ್ಟುಕೊಂಡೇ ನಿದ್ರೆ ಹೋಗುವುದು ಎಲ್ಲಕ್ಕಿಂತ ಕೆಟ್ಟದ್ದು. ಏಕೆಂದರೆ ಆಗ ಅದರ ರಸ ಗಂಟೆಗಟ್ಟಲೆ ಒಂದೇ ಜಾಗಕ್ಕೆ ತಗಲುತ್ತಿರುತ್ತದೆ. ಪೂರ್ತಿ ಬಿಡಲಾಗದವರಿಗೆ ನಾನು ಮೊದಲು ಅದನ್ನು ಬಿಡಿಸುತ್ತೇನೆ. ಅದು ಮೊದಲ ಮೆಟ್ಟಿಲು ಮಾತ್ರ. ಕಡಿಮೆ ತಿಂದರೆ ಅಪಾಯವೇ ಇಲ್ಲವೆಂದು ಯಾರಿಗೂ ಹೇಳುವುದಿಲ್ಲ. ಬಿಟ್ಟ ಮೊದಲ ವಾರ ತಲೆನೋವು, ಸಿಟ್ಟು, ಊಟವಾದ ಮೇಲೆ ಏನನ್ನೋ ಕಳೆದುಕೊಂಡ ಭಾವನೆ ಬರುತ್ತದೆ. ಆ ಹೊತ್ತಿಗೆ ಬಾಯಿಗೆ ದೊಡ್ಡ ಜೀರಿಗೆಯನ್ನೋ ಏಲಕ್ಕಿಯನ್ನೋ ಹಾಕಿಕೊಂಡು ದಾಟಿದವರಿದ್ದಾರೆ. ಮಾರುಕಟ್ಟೆಯ ಸಿಹಿ ಸುಪಾರಿ ಬೇಡ. ಅದೂ ಅಡಿಕೆಯೇ, ಮತ್ತು ಅದು ಮೊದಲು ತಲುಪುವುದು ಮಕ್ಕಳ ಕೈಗೆ. ಹೊಗೆಸೊಪ್ಪು ಬಿಡಬೇಕೆನ್ನುವವರು 1800-112-356 ಎಂಬ ಕೇಂದ್ರ ಸರಕಾರದ ಉಚಿತ ಸಹಾಯವಾಣಿಗೆ ಕರೆ ಮಾಡಬಹುದು. ಅನುಮಾನಾಸ್ಪದವಾದ ಗುರುತು ಕಂಡರೆ ಕುಟುಂಬ ಆರೋಗ್ಯ ಕೇಂದ್ರದಿಂದ ಚೀಟಿ ಪಡೆದು ಮುಂದಿನ ಆಸ್ಪತ್ರೆಗೆ ಹೋಗಬಹುದು. ಕ್ಯಾನ್ಸರಿನ ಚಿಕಿತ್ಸೆಗೆ ತಲಶ್ಶೇರಿಯಲ್ಲಿ ಮಲಬಾರ್ ಕ್ಯಾನ್ಸರ್ ಸೆಂಟರ್ ಇದೆ. ಮಂಜೇಶ್ವರ ಕಡೆಯವರಿಗೆ ಮಂಗಳೂರು ಹತ್ತಿರ.

ಉತ್ತರ: ಕೃಷಿಕ, ಎಣ್ಮಕಜೆ

ಆಧಾರ ಕೊಟ್ಟದ್ದಕ್ಕೆ ಮುಳ್ಳೇರಿಯದ ಹಿರಿಯರಿಗೆ ವಂದನೆಗಳು. ನಾನು ಕನ್ನಡಿಯ ಮುಂದೆ ನಿಂತು ಬೆರಳಿಟ್ಟು ನೋಡಿದೆ, ಮೂರೂ ಹಿಡಿಸಿದವು. ಬೆಲೆಯ ಬಗೆಗಿನ ನನ್ನ ತಕರಾರು ಹಾಗೆಯೇ ಇದೆ. ಅಡಿಕೆಗೆ ಜಗಿಯುವುದನ್ನು ಬಿಟ್ಟು ಬೇರೆ ಉಪಯೋಗ ಹುಡುಕುವ ಕೆಲಸ ಇನ್ನಷ್ಟು ವೇಗವಾಗಿ ನಡೆಯಬೇಕಿತ್ತು.

ಪ್ರಶ್ನೆ ಕೇಳಿದವರು: ತೋಟದಮನೆ, ಬದಿಯಡ್ಕ

ಉತ್ತರಿಸಿದ ಎಲ್ಲರಿಗೂ ಕೃತಜ್ಞತೆಗಳು. ಸೋಮವಾರ ಅಮ್ಮನನ್ನು ಕರೆದುಕೊಂಡು ಹೋಗಿದ್ದೆ. ಎರಡು ಬೆರಳು ಮಾತ್ರ ಹಿಡಿಸಿದವು. ವೈದ್ಯರು ಕೆನ್ನೆಯ ಎರಡೂ ಬದಿಗೆ ಬೆರಳು ಹಾಕಿ ನೋಡಿ, ಉಪ್ಪಳದ ಅಕ್ಕ ಹೇಳಿದ ಹೆಸರನ್ನೇ ಹೇಳಿದರು. ಬಲಗೆನ್ನೆಯ ಹಿಂಭಾಗದಲ್ಲಿ ಅವರಿಗೆ ಸಮಾಧಾನವಾಗದ ಒಂದು ಜಾಗವಿದ್ದುದರಿಂದ ಅಲ್ಲಿಂದ ಸಣ್ಣ ಚೂರು ತೆಗೆದು ಪರೀಕ್ಷೆಗೆ ಕಳುಹಿಸಿದ್ದಾರೆ; ವರದಿ ಇನ್ನೂ ಬಂದಿಲ್ಲ. ರಕ್ತಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ ಕಡಿಮೆಯೆಂದು ಕಂಡುಬಂದು ಕಬ್ಬಿಣದ ಮಾತ್ರೆಯನ್ನೂ ಕೊಟ್ಟಿದ್ದಾರೆ.

ಅಮ್ಮ ಅಂದೇ ಎಲೆ ಹಾಕುವುದನ್ನು ನಿಲ್ಲಿಸಿದರು. ಎಲೆತಟ್ಟೆಯನ್ನು ಅಟ್ಟಕ್ಕೆ ಹಾಕೋಣವೇ ಎಂದು ಕೇಳಿದಾಗ ಮಾತ್ರ, ಬಂದವರಿಗೆ ಏನು ಕೊಡುವುದು ಎಂದು ಒಪ್ಪಲಿಲ್ಲ. ಇದರ ನಡುವೆ ಟಾರ್ಚ್ ಹಿಡಿದು ಅಪ್ಪನ ಬಾಯಿಯನ್ನೂ ನೋಡಿದೆ. ಅವರು ಹೊಗೆಸೊಪ್ಪು ಇಡುವ ಎಡಗಡೆಯ ಮೂಲೆಯಲ್ಲಿ ಹೆಬ್ಬೆರಳ ಉಗುರಿನಷ್ಟು ಬಿಳಿ ಮಚ್ಚೆಯಿದೆ. ಉಜ್ಜಿದರೆ ಹೋಗುವುದಿಲ್ಲ. ಅವರಿಗೆ ನೋವಿಲ್ಲ, ಆದ್ದರಿಂದ ಬರಲು ಒಪ್ಪುವುದಿಲ್ಲ. ಅಮ್ಮನಿಗೆ ಹೇಳಿಕೊಟ್ಟ ವ್ಯಾಯಾಮವನ್ನು ಮನೆಯಲ್ಲಿ ಮಾಡಿಸುವ ಕ್ರಮವನ್ನೂ ಸ್ವಲ್ಪ ವಿವರಿಸುವಿರಾ?

ಉತ್ತರ: ದಂತವೈದ್ಯೆ, ಉಪ್ಪಳ

ಚೂರು ತೆಗೆದ ಗಾಯ ಮಾಯುವವರೆಗೆ ವ್ಯಾಯಾಮ ಬೇಡ. ಎಂದಿನಿಂದ ಆರಂಭಿಸಬೇಕೆಂದು ನಿಮ್ಮ ವೈದ್ಯರನ್ನೇ ಕೇಳಿ. ಆಮೇಲೆ ಶುಚಿಯಾದ ಐಸ್‌ಕ್ರೀಂ ಕಡ್ಡಿಗಳನ್ನು ಒಂದರ ಮೇಲೊಂದು ಜೋಡಿಸಿ, ಬಾಯಿ ತೆರೆಯುವಷ್ಟು ದಪ್ಪದ ಕಟ್ಟನ್ನು ಹಲ್ಲುಗಳ ನಡುವೆ ಇಟ್ಟು ಸ್ವಲ್ಪ ಹೊತ್ತು ಬಿಡಬೇಕು. ಇದನ್ನು ದಿನಕ್ಕೆ ನಾಲ್ಕೈದು ಬಾರಿ ಮಾಡಿ, ಅದು ಸುಲಭವೆನಿಸಿದಾಗ ಮಾತ್ರ ಇನ್ನೊಂದು ಕಡ್ಡಿ ಸೇರಿಸಬೇಕು. ಬಿಗಿತ ಅನುಭವಕ್ಕೆ ಬರಬೇಕು, ಆದರೆ ನೋವಾಗುವಷ್ಟು ಒತ್ತಬಾರದು. ಕಡ್ಡಿಗಳ ಸಂಖ್ಯೆಯನ್ನು ಗೋಡೆಯ ಪಂಚಾಂಗದಲ್ಲಿ ಬರೆದಿಡಿ. ಮುಂದಿನ ತಪಾಸಣೆಯಲ್ಲಿ ಅದು ವೈದ್ಯರಿಗೆ ಉಪಯೋಗವಾಗುತ್ತದೆ. ಖಾರವನ್ನು ಸದ್ಯಕ್ಕೆ ಕಡಿಮೆ ಮಾಡಿ, ಸೊಪ್ಪು, ಹಣ್ಣು, ತರಕಾರಿ ಹೆಚ್ಚು ಕೊಡಿ. ಚೂಪಾದ ಹಲ್ಲು ಕೆನ್ನೆಗೆ ತಾಗುತ್ತಿದ್ದರೆ ಅದನ್ನು ನಯ ಮಾಡಿಸಿಕೊಳ್ಳಿ.

ನೀವು ವಿವರಿಸಿದ ಅಪ್ಪನವರ ಮಚ್ಚೆಯೇ ನನಗೆ ಹೆಚ್ಚು ಯೋಚನೆ ಹುಟ್ಟಿಸಿದೆ. ಅವರು ಹೊಗೆಸೊಪ್ಪನ್ನು ಇಂದೇ ಬಿಡುವುದಾದರೆ ಒಳ್ಳೆಯದು, ಏಕೆಂದರೆ ಇಂತಹ ಕೆಲವು ಮಚ್ಚೆಗಳು ಅಭ್ಯಾಸ ನಿಂತ ಕೆಲವು ವಾರಗಳಲ್ಲಿ ತಾವಾಗಿಯೇ ಕಡಿಮೆಯಾಗುತ್ತವೆ. ಆದರೆ ಬಿಟ್ಟರೂ ಬಿಡದಿದ್ದರೂ ಅದನ್ನು ತೋರಿಸಲೇಬೇಕು. ಬಾಯಿ ತೋರಿಸಲು ಎಂದರೆ ಅವರು ಬರಲಾರರು; ಅಮ್ಮನ ವರದಿ ತರುವ ದಿನ ಜೊತೆಗೆ ಒಬ್ಬರು ಹಿರಿಯರು ಬೇಕೆಂದು ಹೇಳಿ ಕರೆದುಕೊಂಡು ಹೋಗಿ, ಉಳಿದದ್ದನ್ನು ಅಲ್ಲಿನ ವೈದ್ಯರು ನೋಡಿಕೊಳ್ಳುತ್ತಾರೆ.